ಡೌಟ್ ಬೇರೆ, ಸಸ್ಪೆಕ್ಟ್ ಬೇರೆ: ಮಧ್ಯಮ ಹಂತದ ಇಂಗ್ಲಿಷ್ ಪದಗಳನ್ನು ಕಲಿಯುವ ಬಗೆ

‘ಐ ಡೌಟ್ ಹಿ ವಿಲ್ ಕಮ್.’ ‘ಐ ಸಸ್ಪೆಕ್ಟ್ ಹಿ ವಿಲ್ ಕಮ್.’ ಈ ಎರಡನ್ನೂ ಒಮ್ಮೆ ಕನ್ನಡಕ್ಕೆ ತಂದು ನೋಡಿ. ನಿಘಂಟು ತೆಗೆದರೆ ಡೌಟ್ ಅಂದರೂ ಸಂಶಯ, ಸಸ್ಪೆಕ್ಟ್ ಅಂದರೂ ಸಂಶಯ. ಹಾಗಾದರೆ ಎರಡು ವಾಕ್ಯಕ್ಕೂ ಅರ್ಥ ಒಂದೇ ಇರಬೇಕಲ್ವಾ? ಇಲ್ಲ. ಮೊದಲನೆಯದರ ಅರ್ಥ ‘ಅವನು ಬರೋದು ಅನುಮಾನ’. ಅಂದರೆ ಬಹುಶಃ ಬರಲ್ಲ. ಎರಡನೆಯದರ ಅರ್ಥ ‘ಅವನು ಬರ್ತಾನೆ ಅಂತ ನನಗೆ ಗುಮಾನಿ’. ಅಂದರೆ ಬಹುಶಃ ಬರುತ್ತಾನೆ. ನಿಘಂಟು ಕೊಟ್ಟಿದ್ದು ಒಂದೇ ಪದ, ಮಾತು ಮಾತ್ರ ಪೂರ್ತಿ ಉಲ್ಟಾ.

ಮಧ್ಯಮ ಹಂತದ ಪದಗಳ ಕಷ್ಟ ಇದೇ. ಶುರುವಿನ ಪದಗಳು ಸುಲಭ. ರೇನ್ ಅಂದರೆ ಮಳೆ, ಮದರ್ ಅಂದರೆ ತಾಯಿ. ತೀರಾ ದೊಡ್ಡ ಪದಗಳೂ ಒಂದು ರೀತಿಯಲ್ಲಿ ಸುಲಭವೇ. ಫೋಟೋಸಿಂಥೆಸಿಸ್ ಅಂದರೆ ದ್ಯುತಿಸಂಶ್ಲೇಷಣೆ, ಅಲ್ಲಿಗೆ ಮುಗಿಯಿತು. ಇವೆರಡರ ನಡುವೆ ಅಫೋರ್ಡ್, ಮ್ಯಾನೇಜ್, ಅಸ್ಯೂಮ್, ರಿಲಕ್ಟೆಂಟ್, ಡಿಸರ್ವ್, ಹಾರ್ಡ್ಲಿ ಅಂತ ಒಂದು ದೊಡ್ಡ ಗುಂಪಿದೆ. ಇವು ಒಂದೇ ಪದದ ಅರ್ಥಕ್ಕೆ ಸಿಕ್ಕುವುದಿಲ್ಲ. ಆದರೆ ಸಂದರ್ಶನದಲ್ಲಿ, ಆಫೀಸಿನ ಮೇಲ್‌ನಲ್ಲಿ, ಪತ್ರಿಕೆಯ ಸಂಪಾದಕೀಯದಲ್ಲಿ ಮತ್ತೆಮತ್ತೆ ಎದುರಾಗುವುದು ಇವೇ. ‘ಓದಿದ್ರೆ ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ’ ಅನ್ನುವವರಿಗೆ ಕೈಕೊಡುವುದೂ ಇವೇ.

ಮಧ್ಯಮ ಹಂತ ಅಂದರೆ ಎಲ್ಲಿಂದ ಎಲ್ಲಿಗೆ? ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಭಾಷೆ ಕಲಿಯುವವರಿಗೆ ಆರು ಹಂತಗಳಿವೆ: ಎ1, ಎ2, ಬಿ1, ಬಿ2, ಸಿ1, ಸಿ2. ನಡುವಿನ ಬಿ1, ಬಿ2 ಎರಡೂ ಸೇರಿದರೆ ಮಧ್ಯಮ ಹಂತ. ಬಿ1ರಲ್ಲಿ ಇರುವವರು ತಮಗೆ ಪರಿಚಯವಿರುವ ವಿಷಯದಲ್ಲಿ ಮಾತು ನಿಭಾಯಿಸುತ್ತಾರೆ. ಬಿ2 ತಲುಪಿದವರು ಒಂದು ವಿಷಯದ ಪರ, ವಿರೋಧ ಎರಡನ್ನೂ ಹೇಳಬಲ್ಲರು.

ಇದಕ್ಕೆ ಎಷ್ಟು ಪದ ಬೇಕು ಅನ್ನುವ ಪ್ರಶ್ನೆ ಹಳೆಯದು. ಭಾಷಾತಜ್ಞರು ಪದಗಳನ್ನು ಕುಟುಂಬಗಳಾಗಿ ಎಣಿಸುತ್ತಾರೆ. ಡಿಸೈಡ್, ಡಿಸಿಷನ್, ಡಿಸೈಸಿವ್ ಎಲ್ಲ ಸೇರಿ ಒಂದು ಕುಟುಂಬ. ಹೆಚ್ಚು ಬಳಕೆಯ ಸುಮಾರು 2000 ಕುಟುಂಬಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದವರು ಮೈಕೆಲ್ ವೆಸ್ಟ್. ಇವರು ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಕೆಲಸ ಮಾಡಿದ್ದವರು. ಬಂಗಾಳದ ಮಕ್ಕಳಿಗೆ ಮೊದಲು ಓದಲು ಬರಬೇಕು, ಅದಕ್ಕೆ ಹೆಚ್ಚು ಬಳಕೆಯ ಪದಗಳೇ ಮೊದಲು ಸಿಗಬೇಕು ಅನ್ನುವುದು ಅವರ ವಾದವಾಗಿತ್ತು. ಆ 2000 ಗೊತ್ತಿದ್ದರೆ ಸಾಮಾನ್ಯ ಬರಹದ ಸುಮಾರು 80% ಪದಗಳು ಗೊತ್ತಿದ್ದ ಹಾಗೆ. ಕೇಳೋಕೆ ಚೆನ್ನಾಗಿದೆ. ಆದರೆ ಐದಕ್ಕೊಂದು ಪದ ಗೊತ್ತಿಲ್ಲ ಅಂತಲೂ ಅದರ ಅರ್ಥ. ಹಾಗೆ ಒಂದು ಪುಟ ಓದಿ ನೋಡಿ, ಸುಸ್ತಾಗುತ್ತದೆ. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಪತ್ರಿಕೆ, ಕಾದಂಬರಿಗಳನ್ನು ಯಾರ ನೆರವೂ ಇಲ್ಲದೆ ಓದಲು 8000ದಿಂದ 9000 ಕುಟುಂಬ ಬೇಕು. ಆಗ ಐವತ್ತಕ್ಕೊಂದು ಪದ ಮಾತ್ರ ಹೊಸದಾಗಿರುತ್ತದೆ.

2000ಕ್ಕೂ 8000ಕ್ಕೂ ನಡುವಿನ ಅಂತರ ನೋಡಿ ಗಾಬರಿಯಾದವರು ‘ದಿನಕ್ಕೆ 50 ಪದ’ದ ಪಟ್ಟಿಗಳ ಹಿಂದೆ ಬೀಳುತ್ತಾರೆ. ನನಗೆ ಅವುಗಳ ಮೇಲೆ ನಂಬಿಕೆಯಿಲ್ಲ. ಯಾಕೆ ಅಂತ ಒಂದು ಪದ ಹಿಡಿದು ಹೇಳುತ್ತೇನೆ.

ಪಟ್ಟಿಯಲ್ಲಿ ಹೀಗಿರುತ್ತದೆ: ‘ರಿಲಕ್ಟೆಂಟ್: ಇಷ್ಟವಿಲ್ಲದ’. ಇದನ್ನು ಉರು ಹೊಡೆದವರು ‘ಐ ಆಮ್ ರಿಲಕ್ಟೆಂಟ್ ಟು ಬ್ರಿಂಜಾಲ್’ ಅಂದುಬಿಡಬಹುದು. ಬದನೆಕಾಯಿ ಇಷ್ಟವಿಲ್ಲ ತಾನೇ? ತಪ್ಪು ಅವರದಲ್ಲ, ಪಟ್ಟಿಯದು. ರಿಲಕ್ಟೆಂಟ್ ಬರುವುದು ಒಂದು ಕೆಲಸ ಮಾಡಲು ಮನಸ್ಸಿಲ್ಲದಿರುವಾಗ. ‘ಶಿ ವಾಸ್ ರಿಲಕ್ಟೆಂಟ್ ಟು ಸೈನ್’: ಸಹಿ ಹಾಕಲು ಅವಳಿಗೆ ಮನಸ್ಸಿರಲಿಲ್ಲ. ಮನಸ್ಸಿಲ್ಲದಿದ್ದರೂ ಕೊನೆಗೆ ಸಹಿ ಹಾಕಿರಬಹುದು ಅನ್ನುವ ಸೂಚನೆಯೂ ಅದರಲ್ಲಿ ಇಣುಕುತ್ತದೆ. ನಮ್ಮಲ್ಲಿ ಇದಕ್ಕೆ ಎಷ್ಟು ಚೆಂದದ ಮಾತಿದೆ ನೋಡಿ: ‘ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡರು’. ಇಂಗ್ಲಿಷಿನವರ ‘ರಿಲಕ್ಟೆಂಟ್ಲಿ ಅಗ್ರೀಡ್’ ಅಂದರೆ ಅದೇ. ಇದರ ಪಕ್ಕದಲ್ಲೇ ಹೆಸಿಟೇಟ್ ಇದೆ. ಅದು ‘ಹಿಂದೆಮುಂದೆ ನೋಡು’. ಹೆಸಿಟೇಟ್ ಮಾಡುವವರಿಗೆ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ರಿಲಕ್ಟೆಂಟ್ ಆದವರ ಮನಸ್ಸು ಆಗಲೇ ‘ಬೇಡ’ ಅಂದಿದೆ.

ಗಮನಿಸಿ, ಇಲ್ಲಿ ಕೆಲಸಕ್ಕೆ ಬಂದಿದ್ದು ನಿಘಂಟಿನ ಒಂದು ಪದದ ಅರ್ಥಕ್ಕಿಂತ ನಾವು ಮನೆಯಲ್ಲಿ ಆಡುವ ಇಡೀ ಮಾತು. ‘ಕನ್ನಡ ಮರೆತು ಇಂಗ್ಲಿಷಲ್ಲೇ ಯೋಚಿಸಿ’ ಅನ್ನುವ ಸಲಹೆ ಬೇಕಾದಷ್ಟು ಕೇಳಿರುತ್ತೀರಿ. ಮಧ್ಯಮ ಹಂತದಲ್ಲಿ ಅದು ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಪದಕ್ಕೆ ಪದ ಇಡುವುದನ್ನು ಬಿಟ್ಟು ಮಾತಿಗೆ ಮಾತು ಹುಡುಕಿದರೆ ಕನ್ನಡದಷ್ಟು ಒಳ್ಳೆಯ ಮೇಷ್ಟ್ರು ಬೇರೆ ಸಿಗಲಾರರು.

ಮ್ಯಾನೇಜ್ ತೆಗೆದುಕೊಳ್ಳಿ. ನಿಘಂಟಿನಲ್ಲಿ ‘ನಿರ್ವಹಿಸು’ ಅಂತಿರುತ್ತದೆ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ನಿಂತು ಊರಿನ ಬಸ್ಸಿಗೆ ಟಿಕೆಟ್ ಹುಡುಕಿದ್ದೀರಾ? ಆ ನೂಕುನುಗ್ಗಲಿನಲ್ಲಿ ಕೊನೆಗೂ ಒಂದು ಸೀಟು ಸಿಕ್ಕರೆ ‘ಐ ಮ್ಯಾನೇಜ್ಡ್ ಟು ಗೆಟ್ ಎ ಟಿಕೆಟ್’. ‘ಹೇಗೋ ಮಾಡಿ ಟಿಕೆಟ್ ಹೊಂದಿಸಿದೆ’ ಅನ್ನುವಾಗಿನ ಆ ‘ಹೇಗೋ ಮಾಡಿ’ ಇದೆಯಲ್ಲ, ಅದೇ ಮ್ಯಾನೇಜ್ಡ್ ಟು. ಬರೀ ‘ಐ ಗಾಟ್ ಎ ಟಿಕೆಟ್’ ಅಂದರೆ ಪಟ್ಟ ಪಾಡು ಕಾಣುವುದಿಲ್ಲ.

ಅಫೋರ್ಡ್ ಅಂದರೆ ‘ಕೊಳ್ಳುವ ಶಕ್ತಿ’ ಅಂತ ಕಲಿತಿರುತ್ತೇವೆ. ಕಾರಿನ ಮಾತಿಗೆ ಅದು ಸರಿ. ಆದರೆ ‘ವಿ ಕಾಂಟ್ ಅಫೋರ್ಡ್ ಟು ಲೂಸ್ ದಿಸ್ ಮ್ಯಾಚ್’ ಅಂದಾಗ ಯಾರೂ ಏನನ್ನೂ ಕೊಳ್ಳುತ್ತಿಲ್ಲ. ಖರ್ಚಾಗಲಿ, ನಷ್ಟವಾಗಲಿ, ತಡೆದುಕೊಳ್ಳುವ ತಾಕತ್ತು ಅನ್ನುವುದು ಅದರ ಒಳಗಿನ ಅರ್ಥ. ಈ ಪಂದ್ಯ ಸೋತರೆ ನಮಗೆ ತಡೆಯೋಕಾಗಲ್ಲ ಅಂತ. ಇನ್ನೊಂದು ಗುಟ್ಟು: ಈ ಅರ್ಥದಲ್ಲಿ ಅಫೋರ್ಡ್ ಒಂಟಿಯಾಗಿ ಬರುವುದು ಅಪರೂಪ. ಕ್ಯಾನ್, ಕಾಂಟ್, ಕುಡ್ ಇಂಥ ಯಾವುದೋ ಒಂದರ ಜೊತೆಗೇ ಬರುತ್ತದೆ. ‘ಐ ಅಫೋರ್ಡ್ ಎ ಕಾರ್’ ಅಂತ ಯಾರೂ ಹೇಳುವುದಿಲ್ಲ.

ಡಿಸರ್ವ್ ಪದಕ್ಕೆ ‘ಅರ್ಹ’ ಅಂತ ಬರೆದುಕೊಂಡರೆ ಅರ್ಧ ಮಾತ್ರ ಕೈಗೆ ಬಂತು. ‘ಆ ಪ್ರಶಸ್ತಿ ಅವರಿಗೆ ಸಲ್ಲಬೇಕಾದ್ದೇ’ ಅನ್ನುವಾಗಲೂ ಡಿಸರ್ವ್. ಊರಿಗೆಲ್ಲ ಟೋಪಿ ಹಾಕಿದವನು ಸಿಕ್ಕಿಬಿದ್ದಾಗ ‘ಅವನಿಗೆ ಹಾಗೇ ಆಗಬೇಕು’ ಅನ್ನುತ್ತೇವಲ್ಲ, ಆಗಲೂ ಡಿಸರ್ವ್. ಅಸ್ಯೂಮ್ ಅಂದರೆ ವಿಚಾರಿಸದೆ ಸುಮ್ನೆ ಅಂದುಕೊಂಡುಬಿಡುವುದು. ನೆಂಟರು ಹಸಿದು ಕೂತಿದ್ದಾರೆ, ಮನೆಯವರು ‘ಅಯ್ಯೋ, ನಿಮ್ಮದು ಊಟ ಆಗಿದೆ ಅಂದ್ಕೊಂಡಿದ್ದೆ’ ಅನ್ನುತ್ತಾರೆ. ‘ಐ ಅಸ್ಯೂಮ್ಡ್ ಯು ಹ್ಯಾಡ್ ಈಟನ್’ ಅಂದರೆ ಅದೇ ಮಾತು.

ನನ್ನ ಪ್ರಕಾರ ಈ ಗುಂಪಿನಲ್ಲಿ ಅತಿ ಹೆಚ್ಚು ಮೋಸ ಮಾಡುವ ಪದ ಹಾರ್ಡ್ಲಿ. ಹಾರ್ಡ್ ಅಂದರೆ ಕಷ್ಟಪಟ್ಟು, ಅದಕ್ಕೆ ಲಿ ಸೇರಿದರೆ ಇನ್ನೂ ಕಷ್ಟಪಟ್ಟು ಅಂತ ಎಣಿಸುವುದು ಸಹಜ. ‘ಹಿ ವರ್ಕ್ಸ್ ಹಾರ್ಡ್’ ಅಂದರೆ ಕಷ್ಟಪಟ್ಟು ದುಡಿಯುತ್ತಾನೆ. ‘ಹಿ ಹಾರ್ಡ್ಲಿ ವರ್ಕ್ಸ್’ ಅಂದರೆ ಅವನು ಕೆಲಸ ಮಾಡೋದೇ ಅಪರೂಪ. ಶಿಫಾರಸು ಪತ್ರದಲ್ಲಿ ಇವೆರಡು ಅದಲುಬದಲಾದರೆ ಆ ಹುಡುಗನ ಗತಿ ಏನು? ಇದು ನಮ್ಮ ಕಿವಿಗೆ ತಪ್ಪಿಹೋಗಲು ಒಂದು ಕಾರಣವಿದೆ. ಕನ್ನಡದಲ್ಲಿ ‘ಇಲ್ಲ’ ಅನ್ನುವುದು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಬಂದಿಲ್ಲ, ತಿನ್ನಲ್ಲ, ಗೊತ್ತಿಲ್ಲ. ನಮ್ಮ ಕಿವಿ ಕೊನೆಯವರೆಗೆ ಕಾಯುತ್ತದೆ. ಇಂಗ್ಲಿಷಿನಲ್ಲಿ ಹಾರ್ಡ್ಲಿ, ಸೆಲ್ಡಮ್, ಬೇರ್ಲಿ ಇಂಥವು ‘ನಾಟ್’ ಅಂತ ಬಾಯಿಬಿಡದೆ ನಡುವೆ ನುಸುಳಿ, ಅರ್ಥವನ್ನು ‘ಇಲ್ಲ’ದ ಕಡೆಗೆ ಎಳೆದುಬಿಡುತ್ತವೆ. ‘ಐ ಹಾರ್ಡ್ಲಿ ನೋ ಹಿಮ್’ ಅಂದರೆ ಅವರ ಪರಿಚಯ ನನಗೆ ಇಲ್ಲವೆಂದೇ ಹೇಳಬೇಕು.

ಪದ ಯಾವುದರ ಜೊತೆ ಕೂಡುತ್ತದೆ ಅನ್ನುವುದೂ ಅರ್ಥದ ಭಾಗವೇ. ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಅಂತ ಬ್ರಿಟಿಷ್ ಭಾಷಾತಜ್ಞ ಜೆ. ಆರ್. ಫರ್ತ್ 1957ರಲ್ಲಿ ಬರೆದರು. ಕನ್ನಡದ ‘ಹೊಡೆ’ ನೋಡಿ. ಗೊರಕೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಕಣ್ಣು ಹೊಡೆಯುತ್ತೇವೆ, ಈಜು ಹೊಡೆಯುತ್ತೇವೆ. ಹೊಡೆ ಅಂದರೆ ಪೆಟ್ಟು ಕೊಡುವುದು ಅಂತ ಮಾತ್ರ ಕಲಿತ ಹೊರಗಿನವರು ಇದನ್ನೆಲ್ಲ ಕೇಳಿ ಹೆದರಿಯಾರು! ಇಂಗ್ಲಿಷಿನಲ್ಲಿ ನಮ್ಮ ಪಾಡೂ ಹೀಗೇ. ಮಳೆ ಹೆವಿ, ಗಾಳಿ ಸ್ಟ್ರಾಂಗ್. ಮಿಸ್ಟೇಕ್ ಮೇಕ್ ಮಾಡುತ್ತಾರೆ, ಹೋಂವರ್ಕ್ ಡೂ ಮಾಡುತ್ತಾರೆ, ಅಟೆನ್ಷನ್ ಪೇ ಮಾಡುತ್ತಾರೆ. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ. ಜೋಡಿಯಾಗಿಯೇ ಕಲಿಯಬೇಕು.

ಜೋಡಿಯ ಜೊತೆಗೆ ವ್ಯಾಕರಣವೂ ಅಂಟಿಕೊಂಡಿರುತ್ತದೆ. ‘ಇದರ ಬಗ್ಗೆ ಚರ್ಚೆ ಮಾಡೋಣ’ ಅನ್ನುವ ನಾವು ‘ಡಿಸ್ಕಸ್ ಅಬೌಟ್ ಇಟ್’ ಅಂತೇವೆ. ಡಿಸ್ಕಸ್ ಒಳಗೇ ಆ ‘ಬಗ್ಗೆ’ ಕೂತಿದೆ, ಇನ್ನೊಂದು ಬೇಡ. ‘ನನಗೆ ಹೇಳು’ ಅನ್ನುವ ಅಭ್ಯಾಸದಲ್ಲಿ ‘ಎಕ್ಸ್‌ಪ್ಲೇನ್ ಮಿ’ ಅಂತೇವೆ. ಅಲ್ಲಿ ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಆಗಬೇಕು. ಅವಾಯ್ಡ್ ಆದ ಮೇಲೆ ‘ಗೋಯಿಂಗ್’ ಬರುತ್ತದೆ, ರೆಫ್ಯೂಸ್ ಆದ ಮೇಲೆ ‘ಟು ಗೋ’ ಬರುತ್ತದೆ. ಇದನ್ನು ನಿಯಮದ ಪುಸ್ತಕದಲ್ಲಿ ಹುಡುಕುವ ಬದಲು ಪದ ಬರೆದುಕೊಳ್ಳುವಾಗಲೇ ಬಾಲ ಸಮೇತ ಬರೆದುಕೊಳ್ಳುವುದು ಸಲೀಸು.

ಇನ್ನು ನಮ್ಮ ಬಾಯಲ್ಲಿ ಆಗಲೇ ಇರುವ ಪದಗಳು. ಇವು ಗೊತ್ತಿವೆ ಅನ್ನುವುದೇ ತೊಂದರೆ. ‘ಸರ್, ಒಂದು ಡೌಟು’ ಅಂದರೆ ನಮ್ಮಲ್ಲಿ ಒಂದು ಪ್ರಶ್ನೆ ಅಂತ. ಹೊರದೇಶದ ಮೀಟಿಂಗಿನಲ್ಲಿ ‘ಐ ಹ್ಯಾವ್ ಎ ಡೌಟ್’ ಅಂದರೆ ನೀವು ಹೇಳಿದ್ದರಲ್ಲಿ ನನಗೆ ನಂಬಿಕೆಯಿಲ್ಲ ಅಂತ ಕೇಳಿಸಬಹುದು. ಅಲ್ಲಿ ಕ್ವೆಶ್ಚನ್ ಅಂದರೆ ಸಾಕು. ‘ಪಾಸ್ ಔಟ್ ಆದೆ’ ಅಂದರೆ ಇಲ್ಲಿ ಡಿಗ್ರಿ ಮುಗೀತು, ಅಲ್ಲಿ ಪ್ರಜ್ಞೆ ತಪ್ಪಿತು. ‘ಪ್ಲೀಸ್ ರಿವರ್ಟ್’ ಅಂದರೆ ನಮ್ಮ ಆಫೀಸುಗಳಲ್ಲಿ ಉತ್ತರ ಕೊಡಿ ಅಂತ, ಬೇರೆಡೆ ಹಿಂದಿನ ಸ್ಥಿತಿಗೆ ಮರಳಿ ಅಂತ. ಇವನ್ನೆಲ್ಲ ತಪ್ಪು ಅಂತ ಬೈಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಹೆಚ್ಚಾಗಿ ನಮ್ಮಲ್ಲೇ ಬಳಸುವ ಪ್ರಿಪೋನ್ (ನಿಗದಿಗಿಂತ ಮುಂಚೆಯೇ ಇಟ್ಟುಕೊಳ್ಳುವುದು) ಪದ ಆಕ್ಸ್‌ಫರ್ಡ್ ನಿಘಂಟಿಗೂ ಹೋಗಿ ಕೂತಿದೆ. ಎದುರಿಗೆ ಯಾರಿದ್ದಾರೆ ನೋಡಿ ಮಾತಾಡಿದರೆ ಸಾಕು.

ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ಎರಡೆರಡು ಪದ ಯಾಕೆ ಅಂತಲೂ ಹಲವರು ಕೇಳುತ್ತಾರೆ. ಬೈ ಇದೆ, ಪರ್ಚೇಸ್ ಇದೆ. ಬಿಗಿನ್ ಇದೆ, ಕಮೆನ್ಸ್ ಇದೆ. ಹೆಲ್ಪ್ ಇದೆ, ಅಸಿಸ್ಟ್ ಇದೆ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ನೂರಾರು ವರ್ಷ ಅರಮನೆಯಲ್ಲಿ, ಕೋರ್ಟಿನಲ್ಲಿ ಫ್ರೆಂಚ್ ನಡೆಯಿತು, ಹೊಲಮನೆಯಲ್ಲಿ ಇಂಗ್ಲಿಷ್ ಉಳಿಯಿತು. ಜೊತೆಗೆ ಪಂಡಿತರ ಲ್ಯಾಟಿನ್ ಬಂತು. ಕನ್ನಡಿಗರಿಗೆ ಇದು ಹೊಸದೇನಲ್ಲ. ಮನೆ, ಗೃಹ ಎರಡೂ ನಮ್ಮವೇ. ಆದರೂ ಗೃಹಪ್ರವೇಶಕ್ಕೆ ಕರೆಯುತ್ತೇವೆ, ಸಂಜೆ ‘ಗೃಹಕ್ಕೆ ಹೋಗ್ತೀನಿ’ ಅನ್ನುವುದಿಲ್ಲ. ಅಂದರೆ ನಾಟಕದ ಡೈಲಾಗ್ ಆಗುತ್ತದೆ. ಗೆಳೆಯರ ಹತ್ತಿರ ‘ಐ ಪರ್ಚೇಸ್ಡ್ ಟೊಮ್ಯಾಟೋಸ್’ ಅಂದರೂ ಅಷ್ಟೇ. ಪೋಸ್ಟ್‌ಪೋನ್ ಬದಲು ‘ಪುಟ್ ಆಫ್’, ಕ್ಯಾನ್ಸಲ್ ಬದಲು ‘ಕಾಲ್ ಆಫ್’ ಅನ್ನುವ ಜೋಡಿ ಕ್ರಿಯಾಪದಗಳು ಮಾತಿಗೆ ಹತ್ತಿರ. ಮಧ್ಯಮ ಹಂತದವರು ದೊಡ್ಡ ಪದಗಳ ಬೆನ್ನು ಹತ್ತಿ ಇವನ್ನು ಕಡೆಗಣಿಸುತ್ತಾರೆ. ಸಿನಿಮಾ ನೋಡುವಾಗ ಮಾತು ಅರ್ಥವಾಗದೆ ಹೋಗಲು ಇದೂ ಒಂದು ಕಾರಣ.

ಶಾಲೆಯಲ್ಲಿ ಕಲಿತ ಉಪಸರ್ಗ ನೆನಪಿದೆಯಾ? ಪ್ರಹಾರ, ಆಹಾರ, ವಿಹಾರ, ಸಂಹಾರ, ಪರಿಹಾರ. ಧಾತು ಒಂದೇ, ಮುಂದೆ ಸೇರಿದ ತುಣುಕು ಅರ್ಥವನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತದೆ. ಲ್ಯಾಟಿನ್ನಿನಿಂದ ಬಂದ ಪದಗಳದ್ದೂ ಇದೇ ಆಟ. ‘ಸ್ಪೆಕ್ಟ್’ ಅಂದರೆ ನೋಡು. ಇನ್‌ಸ್ಪೆಕ್ಟ್ ಅಂದರೆ ಒಳಹೊಕ್ಕು ನೋಡು, ಪರಿಶೀಲಿಸು. ಪ್ರಾಸ್ಪೆಕ್ಟ್ ಅಂದರೆ ಮುಂದೆ ನೋಡು, ಮುಂದಿನ ಸಾಧ್ಯತೆ. ರೆಸ್ಪೆಕ್ಟ್ ಮೂಲದಲ್ಲಿ ತಿರುಗಿ ನೋಡುವುದು, ಗೌರವ. ಸಸ್ಪೆಕ್ಟ್ ಅಂದರೆ ಕೆಳಗಿನಿಂದ ನೋಡುವುದು. ತಲೆ ತಗ್ಗಿಸಿಕೊಂಡೇ ಕಣ್ಣು ಮೇಲೆತ್ತಿ ಒಬ್ಬರನ್ನು ಅಳೆಯುವುದನ್ನು ಊಹಿಸಿಕೊಳ್ಳಿ, ಸಸ್ಪೆಕ್ಟ್ ಅಂದರೆ ಗುಮಾನಿ ಅನ್ನುವುದು ಮರೆಯುವುದಿಲ್ಲ.

ಆದರೆ ಈ ಬಿಡಿಸುವ ಆಟ ಪದ ನೆನಪಿಡಲು ಒಳ್ಳೆಯದು, ಅರ್ಥ ಊಹಿಸಲು ಅಪಾಯ. ಪೆಟ್ರೋಲ್ ಟ್ಯಾಂಕರುಗಳ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿರುವುದನ್ನು ನೋಡಿರುತ್ತೀರಿ. ಮುಂದೆ ‘ಇನ್’ ಇದೆ, ಆದ್ದರಿಂದ ಬೆಂಕಿ ಹತ್ತಲ್ಲ ಅಂತ ಊಹಿಸಿದರೆ ಕೆಟ್ಟಿರಿ. ಬೇಗ ಬೆಂಕಿ ಹತ್ತುತ್ತದೆ ಅಂತ ಅದರ ಅರ್ಥ. ಇನ್‌ವ್ಯಾಲ್ಯುಬಲ್ ಕೂಡ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು.

ಕಲಿತದ್ದು ಉಳಿಯುವುದು ಹೇಗೆ? ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತವೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಮೊದಲು ಬಿರುಸು, ಆಮೇಲೆ ನಿಧಾನ. ಹಾಗಾಗಿ ಹೊಸ ಪದವನ್ನು ಮಾರನೇ ದಿನವೇ ಒಮ್ಮೆ ನೋಡಬೇಕು. ಆಮೇಲೆ ಮೂರ್ನಾಲ್ಕು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು, ತಿಂಗಳು ಬಿಟ್ಟು. ಪದಗಳ ಆ್ಯಪ್‌ಗಳಲ್ಲಿ ಹಲವು ನಡೆಯುವುದು ಇದೇ ಲೆಕ್ಕದ ಮೇಲೆ. ನೋಡುವಾಗ ಅರ್ಥ ಮುಚ್ಚಿಟ್ಟು ನೆನಪಿಸಿಕೊಳ್ಳಿ. ಸುಮ್ಮನೆ ಕಣ್ಣಾಡಿಸಿದರೆ ಗೊತ್ತಿದೆ ಅನಿಸುತ್ತದೆ ಅಷ್ಟೇ.

ನೋಟ್‌ಬುಕ್ಕಿನಲ್ಲಿ ಒಂದು ಪದಕ್ಕೆ ಎಷ್ಟು ಜಾಗ ಕೊಡಬೇಕು ಅಂದರೆ, ನಾನು ನಾಲ್ಕೈದು ಸಾಲು ಅನ್ನುತ್ತೇನೆ. ಇನ್ಸಿಸ್ಟ್ ಪದವನ್ನೇ ಬರೆಯೋಣ. ಕನ್ನಡದ ಮಾತು: ಪಟ್ಟು ಹಿಡಿ, ‘ಬೇಡ ಅಂದರೂ ಕೇಳಲಿಲ್ಲ’. ಬಾಲ: ‘ಇನ್ಸಿಸ್ಟ್ ಆನ್’, ಅದರ ಮುಂದೆ ‘ಪೇಯಿಂಗ್’ ಥರದ ರೂಪ. ಎಲ್ಲಿ ಸಿಕ್ಕಿತು: ಆ ವಾಕ್ಯವನ್ನು ಹಾಗೇ ಎತ್ತಿ ಬರೆದುಕೊಳ್ಳಿ. ನಿಮ್ಮದೇ ವಾಕ್ಯ: ಹೋಟೆಲಿನಲ್ಲಿ ಬಿಲ್ ತಾನೇ ಕೊಡುತ್ತೇನೆ ಅಂತ ಜಗಳಕ್ಕೆ ನಿಲ್ಲುವ ಮಾವನ ಬಗ್ಗೆ, ‘ಮೈ ಅಂಕಲ್ ಇನ್ಸಿಸ್ಟೆಡ್ ಆನ್ ಪೇಯಿಂಗ್’. ಕುಟುಂಬ: ಇನ್ಸಿಸ್ಟೆನ್ಸ್, ಇನ್ಸಿಸ್ಟೆಂಟ್. ಒತ್ತು ಎಲ್ಲಿ ಬೀಳುತ್ತದೆ ಅನ್ನುವುದಕ್ಕೂ ಒಂದು ಗೆರೆ ಹಾಕಿ, ಇಲ್ಲಿ ‘ಸಿಸ್’ ಮೇಲೆ. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗಲ್ಲ, ಇಂಗ್ಲಿಷಿನಲ್ಲಿ ಕೆಲವೊಮ್ಮೆ ಆಗುತ್ತದೆ. ಮೊದಲ ಭಾಗಕ್ಕೆ ಒತ್ತು ಕೊಟ್ಟರೆ ರೆಕಾರ್ಡ್ ಅಂದರೆ ದಾಖಲೆ, ಎರಡನೆಯದಕ್ಕೆ ಕೊಟ್ಟರೆ ದಾಖಲಿಸು.

ಹೀಗೆ ಬರೆಯಲು ಕೂತರೆ ದಿನಕ್ಕೆ 50 ಆಗಲ್ಲ, ನಾಲ್ಕೈದು ಆದರೆ ಜಾಸ್ತಿ. ಆದ್ದರಿಂದ ಆಯ್ಕೆ ಬೇಕು. ಒಂದೇ ವಾರದಲ್ಲಿ ಎರಡು ಬೇರೆ ಬೇರೆ ಕಡೆ ಎದುರಾದ ಪದಕ್ಕೆ ನೋಟ್‌ಬುಕ್ಕಿನಲ್ಲಿ ಜಾಗ ಕೊಡಿ. ಅರ್ಥ ನೋಡುವಾಗ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟನ್ನೂ ತೆಗೆಯಿರಿ. ಅವುಗಳಲ್ಲಿ ಕೆಲವು ಎರಡು ಮೂರು ಸಾವಿರ ಸರಳ ಪದಗಳಲ್ಲೇ ಎಲ್ಲ ಅರ್ಥವನ್ನೂ ಬಿಡಿಸಿ ಹೇಳುತ್ತವೆ. ಯುಬಿಕ್ವಿಟಸ್, ಸೆರೆಂಡಿಪಿಟಿ ಥರದ ಹೊಳೆಯುವ ಪದ ಸಿಕ್ಕರೆ ಅರ್ಥ ನೋಡಿ, ಖುಷಿಪಟ್ಟು, ಹಾಗೇ ಮುಂದಕ್ಕೆ ಹೋಗಿ. ಅವೆರಡರ ಜಾಗದಲ್ಲಿ ‘ಅವೇಲಬಲ್’, ‘ಅಪ್ರೋಪ್ರಿಯೇಟ್’ ಬರೆದುಕೊಂಡರೆ ನಾಳೆಯ ಮೇಲ್‌ನಲ್ಲೇ ಉಪಯೋಗಕ್ಕೆ ಬರುತ್ತವೆ.